ಸುನಿಲ್ ಚೆಟ್ರಿ ಅವರ 95 ಗೋಲು: ಒಂದು ಅಂಕಿಯನ್ನು ಓದುವ ಬಗೆ

ಭಾರತ ತಂಡದ ಪರವಾಗಿ ಇನ್ನು ಆಡುವುದಿಲ್ಲವೆಂದು ಸುನಿಲ್ ಚೆಟ್ರಿ 2025ರ ಕೊನೆಯಲ್ಲಿ ಎರಡನೆಯ ಸಲ ಹೇಳಿದಾಗ, ಕ್ರಿಕೆಟ್ ಹೊರತು ಬೇರಾವ ಆಟದ ಸುದ್ದಿಯನ್ನೂ ಓದದವರ ಕಣ್ಣಿಗೂ ಎರಡು ಅಂಕಿಗಳು ಬಿದ್ದವು: 157 ಪಂದ್ಯ, 95 ಗೋಲು. ಜೊತೆಗೆ ಇನ್ನೊಂದು ಸಾಲೂ ಇತ್ತು. ಪುರುಷರ ಅಂತರರಾಷ್ಟ್ರೀಯ ಫುಟ್‌ಬಾಲಿನಲ್ಲಿ ಅವರಿಗಿಂತ ಹೆಚ್ಚು ಗೋಲು ಹೊಡೆದವರು ಆ ಹೊತ್ತಿಗೆ ಮೂವರೇ: ಪೋರ್ಚುಗಲ್‌ನ ಕ್ರಿಸ್ಟಿಯಾನೊ ರೊನಾಲ್ಡೊ, ಅರ್ಜೆಂಟೀನಾದ ಲಯೊನೆಲ್ ಮೆಸ್ಸಿ ಮತ್ತು ಇರಾನಿನ ಅಲಿ ದಾಯಿ. 2013ರಿಂದ ಬೆಂಗಳೂರಿನ ತಂಡದ ಮುಖವೇ ಆಗಿರುವ, ಈ ಊರಿನವರು ತಮ್ಮವರೆಂದೇ ಎಣಿಸುವ ಆಟಗಾರನ ಹೆಸರನ್ನು ಆ ಸಾಲಿನಲ್ಲಿ ಕಂಡಾಗ ಹೆಮ್ಮೆಯಾಗುವುದು ಸಹಜ. ಅಷ್ಟೇ ಸಹಜವಾಗಿ ಒಂದು ಪ್ರಶ್ನೆಯೂ ಏಳುತ್ತದೆ. ವಿಶ್ವಕಪ್‌ನಲ್ಲಿ ಒಮ್ಮೆಯೂ ಆಡದ ದೇಶದ ಆಟಗಾರರೊಬ್ಬರು ಅಲ್ಲಿಗೆ ತಲುಪಿದ್ದು ಹೇಗೆ?

ಈ ಪ್ರಶ್ನೆಗೆ ಎರಡು ಅವಸರದ ಉತ್ತರಗಳು ಎಲ್ಲೆಡೆ ಕೇಳಿಬರುತ್ತವೆ. ಹಾಗಾದರೆ ಅವರು ಮೆಸ್ಸಿಗೆ ಸರಿಸಮಾನರು ಎನ್ನುವುದು ಒಂದು. ಸಣ್ಣಪುಟ್ಟ ತಂಡಗಳ ಮೇಲೆ ಹೊಡೆದ ಗೋಲುಗಳಿಗೆ ಬೆಲೆಯಿಲ್ಲ ಎನ್ನುವುದು ಇನ್ನೊಂದು. ಅಂಕಿ ಹೇಗೆ ಕೂಡಿಬಂತು ಎಂಬುದನ್ನು ನೋಡದೆ ಕೊಟ್ಟ ತೀರ್ಪುಗಳು ಇವು ಎಂದು ನನಗೆ ತೋರುತ್ತದೆ. ಆದ್ದರಿಂದ ಮೊದಲಿನಿಂದಲೇ ಹೊರಡೋಣ.

ಸ್ಟ್ರೈಕರ್ ಮಾಡುವ ಕೆಲಸ

ಫುಟ್‌ಬಾಲ್ ತಂಡದಲ್ಲಿ ಗೋಲ್‌ಕೀಪರ್ ಸೇರಿ ಹನ್ನೊಂದು ಮಂದಿ. ಅವರಲ್ಲಿ ಎದುರಾಳಿಯ ಗೋಲಿಗೆ ಅತಿ ಸಮೀಪದಲ್ಲಿ ಆಡುವವನು, ಗೋಲು ಹೊಡೆಯುವುದನ್ನೇ ಮುಖ್ಯ ಹೊಣೆಯಾಗಿ ಹೊತ್ತವನು ಸ್ಟ್ರೈಕರ್. ತೊಂಬತ್ತು ನಿಮಿಷದ ಆಟದಲ್ಲಿ ಅವನ ಕಾಲಿಗೆ ಚೆಂಡು ಸಿಗುವುದೇ ಅಪರೂಪ, ಸಿಕ್ಕಾಗಲೂ ಯೋಚಿಸಲು ಒಂದೆರಡು ಕ್ಷಣಕ್ಕಿಂತ ಹೆಚ್ಚು ಸಮಯವಿರುವುದಿಲ್ಲ. ಹಾಗಾಗಿ ಅವನ ಕೌಶಲದ ಬಹುಪಾಲು ಚೆಂಡು ತನ್ನ ಬಳಿ ಇಲ್ಲದಿರುವಾಗಲೇ ಕೆಲಸ ಮಾಡುತ್ತಿರುತ್ತದೆ.

ಸಂಜೆಯ ಹೊತ್ತು ಮೆಜೆಸ್ಟಿಕ್‌ನಲ್ಲಿ ಬಸ್ಸಿಗೆ ಕಾಯುವವರನ್ನು ಗಮನಿಸಿದರೆ ಇದು ಅರ್ಥವಾಗುತ್ತದೆ. ಸೀಟು ಸಿಗುವುದು ಹೆಚ್ಚು ಬಲವಿದ್ದವರಿಗಲ್ಲ, ಬಸ್ಸಿನ ಬಾಗಿಲು ಎಲ್ಲಿ ಬಂದು ನಿಲ್ಲುತ್ತದೆ ಎಂದು ಮೊದಲೇ ಅಂದಾಜು ಮಾಡಿ ಅಲ್ಲಿ ನಿಂತವರಿಗೆ. ಆದರೆ ಬಸ್ಸು ನಿಲ್ಲುವ ಮೊದಲೇ ನುಗ್ಗುವಂತಿಲ್ಲ, ತಡಮಾಡಿದರೆ ಜಾಗವಿಲ್ಲ. ಫುಟ್‌ಬಾಲಿನಲ್ಲಿ ಈ ನುಗ್ಗಾಟಕ್ಕೆ ಕಡಿವಾಣ ಹಾಕುವ ನಿಯಮವೇ ಆಫ್‌ಸೈಡ್. ಸಹ ಆಟಗಾರ ಚೆಂಡನ್ನು ಒದೆಯುವ ಗಳಿಗೆಯಲ್ಲಿ ಸ್ಟ್ರೈಕರ್ ಮತ್ತು ಎದುರಾಳಿಯ ಗೋಲಿನ ನಡುವೆ ಆ ತಂಡದ ಕನಿಷ್ಠ ಇಬ್ಬರು, ಸಾಮಾನ್ಯವಾಗಿ ಗೋಲ್‌ಕೀಪರ್ ಮತ್ತು ಒಬ್ಬ ರಕ್ಷಣಾ ಆಟಗಾರ (ಡಿಫೆಂಡರ್), ಇರಬೇಕು ಅಥವಾ ಅವನ ಸಮಸಾಲಿನಲ್ಲಿರಬೇಕು. ಅರ್ಧ ಹೆಜ್ಜೆ ಮುಂದಾದರೆ ಗೋಲು ಹೊಡೆದರೂ ಸಿಂಧುವಲ್ಲ.

ಚೆಟ್ರಿ ಅವರ ಎತ್ತರ ಸುಮಾರು ಐದು ಅಡಿ ಏಳು ಅಂಗುಲ; ಡಿಫೆಂಡರ್‌ಗಳನ್ನು ಭುಜದಿಂದ ತಳ್ಳಿ ಜಾಗ ಮಾಡಿಕೊಳ್ಳುವ ಮೈಕಟ್ಟು ಅದಲ್ಲ. ಅವರು ನೆಚ್ಚಿಕೊಂಡದ್ದು ಈ ಅರ್ಧ ಹೆಜ್ಜೆಯ ಲೆಕ್ಕವನ್ನು. ತಮಗಿಂತ ಎತ್ತರದವರ ನಡುವೆ ಅವರು ತಲೆಯಿಂದ ಹೊಡೆದ ಗೋಲುಗಳಲ್ಲಿ ಜಿಗಿತದ ಎತ್ತರಕ್ಕಿಂತ ಜಿಗಿದ ಸಮಯ ಎದ್ದು ಕಾಣುತ್ತದೆ. ಮೈದಾನದ ಎಡ ಅಂಚಿನಿಂದ ಒಳಕ್ಕೆ ತಿರುಗಿ ಬಲಗಾಲಿನಲ್ಲಿ ಹೊಡೆಯುವುದು ಅವರ ಇನ್ನೊಂದು ಗುರುತು.

ಯಾವ ಗೋಲು ಲೆಕ್ಕಕ್ಕೆ ಸೇರುತ್ತದೆ

ಆಟಗಾರನೊಬ್ಬ ವರ್ಷದ ಬಹುಪಾಲು ತನ್ನ ಕ್ಲಬ್ಬಿನ ಪರ ಆಡುತ್ತಾನೆ. ರಣಜಿ ಟ್ರೋಫಿಯ ರನ್ನುಗಳನ್ನು ಟೆಸ್ಟ್ ರನ್ನುಗಳಿಗೆ ಸೇರಿಸದಂತೆ, ಕ್ಲಬ್ಬಿನ ಗೋಲುಗಳನ್ನು ದೇಶದ ಲೆಕ್ಕಕ್ಕೆ ಸೇರಿಸುವುದಿಲ್ಲ. 95 ಎನ್ನುವುದು ಭಾರತದ ಹಿರಿಯರ ತಂಡ ಮತ್ತೊಂದು ದೇಶದ ಹಿರಿಯರ ತಂಡದೊಡನೆ ಆಡಿದ ಪಂದ್ಯಗಳಲ್ಲಿ ಬಂದ ಗೋಲುಗಳು ಮಾತ್ರ. ವಯೋಮಿತಿಯ ತಂಡಗಳ ಪಂದ್ಯಗಳು ಇದರ ಹೊರಗೆ. ಪುರುಷರ ಒಲಿಂಪಿಕ್ಸ್ ಫುಟ್‌ಬಾಲ್ ಈಗ ಮುಖ್ಯವಾಗಿ 23 ವರ್ಷದೊಳಗಿನವರಿಗಾದ್ದರಿಂದ ಅದೂ ಹೊರಗೇ. ಸೌಹಾರ್ದ ಪಂದ್ಯಗಳು ಒಳಗಿವೆ, ಆದರೆ ಬದಲಿ ಆಟಗಾರರ ಮಿತಿಯನ್ನು ಮೀರಿ ಆಡಿದರೆ ಅವೂ ಅಧಿಕೃತವಾಗಿ ಉಳಿಯುವುದಿಲ್ಲ. ಇಂಥ ನಿಯಮಗಳನ್ನು ಹಳೆಯ ಪಂದ್ಯಗಳಿಗೆ ಅನ್ವಯಿಸುವಾಗ ತಕರಾರು ಬರುವುದುಂಟು. ಅಲಿ ದಾಯಿ ಅವರ ಹೆಸರಿನ ಮುಂದೆ ಒಂದೆಡೆ 109 ಎಂದೂ ಇನ್ನೊಂದೆಡೆ 108 ಎಂದೂ ಕಾಣುವುದು ಹೀಗೆ.

ಈ ಲೆಕ್ಕದ ಸೂಕ್ಷ್ಮ ತಿಳಿಯಲು ಬೆಂಗಳೂರಿಗಿಂತ ದೂರ ಹೋಗಬೇಕಿಲ್ಲ. 2023ರ ಜೂನ್ 21ರ ಸಂಜೆ, ದಕ್ಷಿಣ ಏಷ್ಯಾ ದೇಶಗಳ ಸ್ಯಾಫ್ ಚಾಂಪಿಯನ್‌ಷಿಪ್‌ನ ಮೊದಲ ದಿನ, ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಭಾರತ ಮತ್ತು ಪಾಕಿಸ್ತಾನ ಎದುರಾದವು. ಓಟದ ಟ್ರ್ಯಾಕಿನಾಚೆ ಮೈದಾನ ದೂರವಾಗಿ ಕಾಣುವ ಆ ಗ್ಯಾಲರಿಗಳು ಮಳೆಯಲ್ಲೂ ತುಂಬಿದ್ದವು. ಹತ್ತನೆಯ ನಿಮಿಷದಲ್ಲಿ ಪಾಕಿಸ್ತಾನದ ಗೋಲ್‌ಕೀಪರ್‌ಗೆ ಹಿಂದಕ್ಕೆ ಬಂದ ಚೆಂಡು ಹಿಡಿತಕ್ಕೆ ಸಿಗಲಿಲ್ಲ. ಅಂಥ ಚೆಂಡುಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತನ್ನು ಗೋಲ್‌ಕೀಪರ್ ನಿರಾಯಾಸವಾಗಿ ಆಚೆಗೆ ಒದೆಯುತ್ತಾನೆ, ಅದರ ಹಿಂದೆ ಓಡುವುದು ವ್ಯರ್ಥವೆಂದೇ ಕಾಣುತ್ತದೆ. ಮೂವತ್ತೆಂಟರ ಚೆಟ್ರಿ ಓಡಿದ್ದರು. ತಪ್ಪು ನಡೆದಾಗ ಒಂದು ಹೆಜ್ಜೆಯ ದೂರದಲ್ಲಿದ್ದರು, ಚೆಂಡನ್ನು ಖಾಲಿ ಗೋಲಿನೊಳಕ್ಕೆ ತಳ್ಳಿದರು. ಆಮೇಲೆ ಎರಡು ಪೆನಾಲ್ಟಿಗಳನ್ನು ಗೋಲಾಗಿಸಿ ಹ್ಯಾಟ್ರಿಕ್ ಮುಗಿಸಿದರು. ಭಾರತ 4-0ಯಿಂದ ಗೆದ್ದಿತು.

ಪೆನಾಲ್ಟಿ ಎಂದರೆ ಗೋಲಿನ ಮುಂದಿನ ಆವರಣದೊಳಗೆ ಎದುರಾಳಿ ತಪ್ಪೆಸಗಿದಾಗ ಸಿಗುವ ನೇರ ಹೊಡೆತ; ಗೋಲ್‌ಕೀಪರ್ ಹೊರತು ಅಡ್ಡ ಯಾರೂ ಇರುವುದಿಲ್ಲ. ಆಟದ ನಡುವೆ ಬಂದ ಪೆನಾಲ್ಟಿ ಗೋಲಿಗೂ ಬೇರೆ ಗೋಲಿಗೂ ದಾಖಲೆಯಲ್ಲಿ ಭೇದವಿಲ್ಲ. ಆದರೆ ಪಂದ್ಯ ಸಮವಾಗಿ ಮುಗಿದಾಗ ವಿಜೇತರನ್ನು ಆರಿಸಲು ನಡೆಸುವ ಶೂಟೌಟ್ ಬೇರೆ ಸಂಗತಿ. ಅದೇ ಟೂರ್ನಿಯಲ್ಲಿ, ಅದೇ ಮೈದಾನದಲ್ಲಿ, ಲೆಬನಾನ್ ಎದುರಿನ ಸೆಮಿಫೈನಲ್ ಮತ್ತು ಜುಲೈ 4ರಂದು ಕುವೈತ್ ಎದುರಿನ ಫೈನಲ್ ಎರಡೂ ಶೂಟೌಟಿಗೆ ಹೋದವು. ಎರಡರಲ್ಲೂ ಚೆಟ್ರಿ ಚೆಂಡನ್ನು ಬಲೆಗೆ ಸೇರಿಸಿದರು, ಭಾರತ ಕಪ್ ಗೆದ್ದಿತು. ಬಹುಶಃ ಇಡೀ ಟೂರ್ನಿಯಲ್ಲಿ ಎದೆ ಹೆಚ್ಚು ಬಡಿದುಕೊಂಡ ಹೊಡೆತಗಳು ಅವೇ. ಆದರೂ ಟೂರ್ನಿಯ ಅತಿ ಹೆಚ್ಚು ಗೋಲು ಗಳಿಸಿದವರೆಂದು ಅವರ ಹೆಸರಿಗೆ ಬಂದ 5 ಗೋಲುಗಳಲ್ಲಿ ಆ ಎರಡೂ ಸೇರಿಲ್ಲ.

ಸಿಕಂದರಾಬಾದಿನಿಂದ ಕ್ವೆಟ್ಟಾದವರೆಗೆ

ಚೆಟ್ರಿ ಹುಟ್ಟಿದ್ದು 1984ರ ಆಗಸ್ಟ್ 3ರಂದು, ಸಿಕಂದರಾಬಾದಿನಲ್ಲಿ. ತಂದೆ ಸೈನ್ಯದಲ್ಲಿದ್ದುದರಿಂದ ಊರಿಂದೂರಿಗೆ ವರ್ಗವಾಗುತ್ತ ಬಾಲ್ಯ ಕಳೆಯಿತು. ತಾಯಿ ನೇಪಾಳದ ಮಹಿಳಾ ತಂಡದಲ್ಲಿ ಆಡಿದವರು. ಹದಿನೆಂಟರ ವಯಸ್ಸಿಗೆ, 2002ರಲ್ಲಿ, ಕೋಲ್ಕತ್ತದ ಮೋಹನ್ ಬಾಗಾನ್ ಸೇರಿದರು. ನಂತರ ಪಂಜಾಬಿನ ಜೆಸಿಟಿ ಕ್ಲಬ್ಬಿಗೆ ಹೋದರು. ದೇಶದ ಪರ ಮೊದಲ ಪಂದ್ಯ 2005ರ ಜೂನ್ 12ರಂದು, ಪಾಕಿಸ್ತಾನದ ಕ್ವೆಟ್ಟಾದಲ್ಲಿ. ಅದು 1-1ರಲ್ಲಿ ಮುಗಿಯಿತು, ಭಾರತದ ಗೋಲು ಚೆಟ್ರಿಯವರದೇ.

ಆಗ ತಂಡದ ದೊಡ್ಡ ಹೆಸರು ಬೈಚುಂಗ್ ಭುಟಿಯಾ; ಚೆಟ್ರಿ ಅವರ ಜೊತೆಗಾರ ಕಿರಿಯರಷ್ಟೆ. 2008ರ ಎಎಫ್‌ಸಿ ಚಾಲೆಂಜ್ ಕಪ್ ಫೈನಲ್ ಈ ಕ್ರಮವನ್ನು ಬದಲಿಸಿತು. ಏಷ್ಯಾದಲ್ಲಿ ಇನ್ನೂ ಬೆಳೆಯುತ್ತಿದ್ದ ತಂಡಗಳಿಗೆಂದು ಇದ್ದ ಆ ಟೂರ್ನಿಯನ್ನು ಗೆದ್ದವರಿಗೆ ಏಷ್ಯಾ ಕಪ್‌ಗೆ ನೇರ ಪ್ರವೇಶವಿತ್ತು. ದೆಹಲಿಯಲ್ಲಿ ತಜಿಕಿಸ್ತಾನದ ಮೇಲೆ ಭಾರತ 4-1ರಿಂದ ಗೆದ್ದಾಗ ಮೂರು ಗೋಲು ಚೆಟ್ರಿಯವರವು. ಆ ಗೆಲುವಿನಿಂದಾಗಿಯೇ 1984ರ ನಂತರ ಮೊದಲ ಬಾರಿಗೆ, 2011ರಲ್ಲಿ, ಭಾರತ ಏಷ್ಯಾ ಕಪ್ ಆಡಿತು. ದೋಹಾದಲ್ಲಿ ಮೂರೂ ಪಂದ್ಯ ಸೋತೆವು. ಗಳಿಸಿದ ಮೂರು ಗೋಲುಗಳಲ್ಲಿ ಎರಡು ಚೆಟ್ರಿಯವರವು, ಒಂದು ಬಹರೇನ್ ವಿರುದ್ಧ, ಇನ್ನೊಂದು ದಕ್ಷಿಣ ಕೊರಿಯಾ ವಿರುದ್ಧ. ಅದೇ ವರ್ಷ ಭುಟಿಯಾ ನಿವೃತ್ತರಾದರು. ಮುಂದಿನ ಹದಿನಾಲ್ಕು ವರ್ಷ ಭಾರತಕ್ಕೆ ಗೋಲು ಬೇಕಾದಾಗಲೆಲ್ಲ ಎಲ್ಲರ ನೋಟ ಒಬ್ಬರ ಕಡೆಗೇ ತಿರುಗುತ್ತಿತ್ತು.

ಓಡಿದ ದೂರ ಬೇರೆ, ಮೈಲೇಜು ಬೇರೆ

ಗಾಡಿಯ ಮೀಟರು ಒಟ್ಟು ಎಷ್ಟು ಕಿಲೋಮೀಟರ್ ಓಡಿದೆ ಎಂದು ಹೇಳುತ್ತದೆ. ಲೀಟರಿಗೆ ಎಷ್ಟು ಕೊಡುತ್ತದೆ ಎಂಬುದು ಬೇರೆ ಲೆಕ್ಕ. 95 ಎಂಬುದು ಮೀಟರಿನ ಅಂಕಿ. ಅದನ್ನು 157ರಿಂದ ಭಾಗಿಸಿದರೆ ಹತ್ತು ಪಂದ್ಯಕ್ಕೆ ಸರಿಸುಮಾರು ಆರು ಗೋಲು.

ಈ ಎರಡನೆಯ ಅಳತೆಯಲ್ಲಿ ಮುಂದಿರುವವರು ಬೇರೆ. ಜರ್ಮನಿಯ ಗರ್ಡ್ ಮುಲ್ಲರ್ 62 ಪಂದ್ಯಗಳಲ್ಲಿ 68 ಗೋಲು ಹೊಡೆದರು, ಪಂದ್ಯಕ್ಕೆ ಒಂದಕ್ಕಿಂತ ಹೆಚ್ಚು. ಹಂಗೆರಿಯ ಸ್ಯಾಂಡರ್ ಕಾಚಿಶ್ 68 ಪಂದ್ಯಗಳಲ್ಲಿ 75, ಅವರದೇ ತಂಡದ ಫೆರೆಂಕ್ ಪುಷ್ಕಾಶ್ 85ರಲ್ಲಿ 84. ಬ್ರೆಜಿಲ್‌ನ ಪೆಲೆ 92ರಲ್ಲಿ 77. ಇನ್ನೊಂದು ಬದಿಯಲ್ಲಿ, ವಿಶ್ವಕಪ್‌ಗಳಲ್ಲಿ 16 ಗೋಲು ಹೊಡೆದು ದಾಖಲೆ ಬರೆದ ಜರ್ಮನಿಯ ಮಿರೊಸ್ಲಾವ್ ಕ್ಲೋಸೆ ದೇಶಕ್ಕಾಗಿ 137 ಪಂದ್ಯ ಆಡಿ 71 ಗೋಲು ಗಳಿಸಿದರು, ಹತ್ತಕ್ಕೆ ಐದು ಎನ್ನಬಹುದು. ಅಂದರೆ ಚೆಟ್ರಿಯವರ ಸರಾಸರಿ ಅತಿ ಎತ್ತರದ್ದೂ ಅಲ್ಲ, ಸಾಧಾರಣವಾದುದೂ ಅಲ್ಲ. ಅವರನ್ನು ನಾಲ್ಕನೆಯ ಸ್ಥಾನಕ್ಕೆ ತಂದದ್ದು ಆ ಸರಾಸರಿಯನ್ನು ಇಪ್ಪತ್ತು ವರ್ಷ ಕುಸಿಯಲು ಬಿಡದಿದ್ದುದು. ಮುಲ್ಲರ್ ದೇಶಕ್ಕೆ ಆಡಿದ್ದು ಎಂಟು ವರ್ಷ ಮಾತ್ರ.

ಪಟ್ಟಿ ಪುರುಷರದು ಎಂಬುದನ್ನು ನೆನಪಿಡಬೇಕು. ಒಟ್ಟಾರೆ ಲೆಕ್ಕ ಹಿಡಿದರೆ ಎಲ್ಲರಿಗಿಂತ ಮೇಲಿರುವವರು ಕೆನಡಾದ ಕ್ರಿಸ್ಟಿನ್ ಸಿಂಕ್ಲೇರ್. ಅವರದು 190 ಗೋಲು.

ದಾರಿ ಎಂಥದ್ದು

ಮೈಲೇಜು ದಾರಿಯನ್ನೂ ಅವಲಂಬಿಸಿದೆ. ಮೈಸೂರು ಹೆದ್ದಾರಿಯಲ್ಲಿ ಬರುವ ಮೈಲೇಜು ಚಾರ್ಮಾಡಿ ಘಾಟಿಯಲ್ಲಿ ಬರುವುದಿಲ್ಲ. ಫುಟ್‌ಬಾಲಿನಲ್ಲಿ ದಾರಿಯೆಂದರೆ ಎದುರಾಳಿ.

ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾ ಇನ್ನೂರಕ್ಕೂ ಹೆಚ್ಚು ದೇಶಗಳಿಗೆ ರ‍್ಯಾಂಕಿಂಗ್ ಕೊಡುತ್ತದೆ. ಚೆಟ್ರಿ ಆಡಿದ ಕಾಲದಲ್ಲಿ ಭಾರತದ ಸ್ಥಾನ ಬಹುಪಾಲು ನೂರರ ಆಚೆಗೇ ಇತ್ತು. 2015ರಲ್ಲಿ 173ಕ್ಕೆ ಇಳಿದದ್ದೂ ಇದೆ, 2017ರಲ್ಲಿ 96ಕ್ಕೆ ಏರಿದ್ದೂ ಇದೆ. ಇಂಥ ತಂಡಕ್ಕೆ ಎದುರಾಗುವವರೂ ಹೆಚ್ಚಾಗಿ ಅದೇ ಮಟ್ಟದವರು: ನೇಪಾಳ, ಬಾಂಗ್ಲಾದೇಶ, ಮಾಲ್ದೀವ್ಸ್, ಅಫ್ಗಾನಿಸ್ತಾನ, ಕಾಂಬೋಡಿಯಾ. ಬ್ರೆಜಿಲ್, ಫ್ರಾನ್ಸ್‌ಗಳ ಎದುರು ಚೆಟ್ರಿ ಆಡಲೇ ಇಲ್ಲ. 2023ರ ಕಂಠೀರವದ ಪಂದ್ಯಕ್ಕೆ ಬಂದ ಪಾಕಿಸ್ತಾನದ ಆಟಗಾರರು ವೀಸಾ ತಡವಾದುದರಿಂದ ಆ ದಿನ ಬೆಳಿಗ್ಗೆಯಷ್ಟೇ ಊರಿಗೆ ಇಳಿದಿದ್ದರು ಎಂಬುದನ್ನೂ ಆ ಹ್ಯಾಟ್ರಿಕ್‌ನ ಜೊತೆಗೇ ಹೇಳಬೇಕು. 2019ರ ಜನವರಿಯಲ್ಲಿ ಅಬುಧಾಬಿಯ ಏಷ್ಯಾ ಕಪ್ ಪಂದ್ಯದಲ್ಲಿ ಥಾಯ್ಲೆಂಡ್ ವಿರುದ್ಧ ಎರಡು ಗೋಲು ಹೊಡೆದು ಚೆಟ್ರಿ 67ಕ್ಕೆ ತಲುಪಿ, ಆಗ 65ರಲ್ಲಿದ್ದ ಮೆಸ್ಸಿಯನ್ನು ಹಿಂದಿಕ್ಕಿದರೆಂಬ ಸುದ್ದಿ ಜಗತ್ತಿನೆಲ್ಲೆಡೆ ಹರಡಿತು. ಅಂಕಿ ನಿಜ. ಇಬ್ಬರೂ ನಡೆದ ದಾರಿ ಒಂದೇ ಆಗಿರಲಿಲ್ಲ ಎನ್ನುವುದೂ ನಿಜ.

ಆದರೆ ಈ ವಾದ ಅಲ್ಲಿಗೆ ನಿಂತರೆ ಅರ್ಧವಾಗುತ್ತದೆ. ಎದುರಾಳಿ ದುರ್ಬಲವಾಗಿದ್ದಂತೆ ಸ್ಟ್ರೈಕರ್‌ಗೆ ಚೆಂಡು ಒದಗಿಸುವ ತನ್ನ ತಂಡವೂ ದುರ್ಬಲವಾಗಿದ್ದರೆ ಏನಾಗುತ್ತದೆ? ಕಾಚಿಶ್‌ಗೆ ಪುಷ್ಕಾಶ್ ಇದ್ದರು. ಚೆಟ್ರಿಗೆ ಎಷ್ಟೋ ಸಲ ಚೆಂಡು ತಲುಪುತ್ತಲೇ ಇರಲಿಲ್ಲ. ಅವರೇ ಹಿಂದಕ್ಕೆ ಬಂದು ಅದನ್ನು ತೆಗೆದುಕೊಂಡು ಹೋಗಬೇಕಾಗುತ್ತಿತ್ತು.

2017ರ ಜೂನ್ 13ರಂದು ಕಂಠೀರವದಲ್ಲಿ ಕಿರ್ಗಿಸ್ತಾನದ ಎದುರು ಏಷ್ಯಾ ಕಪ್ ಅರ್ಹತಾ ಪಂದ್ಯ ನಡೆಯಿತು. ಕಿರ್ಗಿಸ್ತಾನ ಸುಲಭದ ತಂಡವಲ್ಲ. ಅರವತ್ತೊಂಬತ್ತನೆಯ ನಿಮಿಷದವರೆಗೆ ಗೋಲಿಲ್ಲ. ಆಗ ಚೆಟ್ರಿ ಗೋಲಿನಿಂದ ಬಹಳ ದೂರದಲ್ಲಿ ಚೆಂಡು ಪಡೆದು, ಅಡ್ಡ ಬಂದವರನ್ನು ದಾಟುತ್ತ ಮುನ್ನುಗ್ಗಿದರು. ಚೆಂಡನ್ನು ಜೇಜೆ ಲಾಲ್‌ಪೆಕ್ಲುವಾಗೆ ಕೊಟ್ಟರು, ಕೊಟ್ಟವರು ನಿಲ್ಲದೆ ಓಡುತ್ತಲೇ ಇದ್ದರು. ಜೇಜೆ ಅದನ್ನು ಡಿಫೆಂಡರ್‌ಗಳ ತಲೆಯ ಮೇಲಿಂದ ಮೆಲ್ಲಗೆ ಎತ್ತಿ ಹಾಕಿದರು. ಇಳಿಯುತ್ತಿದ್ದ ಚೆಂಡನ್ನು ನೆಲ ಮುಟ್ಟುವ ಮೊದಲೇ ಚೆಟ್ರಿ ಬಲೆಗೆ ಹೊಡೆದರು. ಭಾರತ 1-0ಯಿಂದ ಗೆದ್ದಿತು. ದಾಳಿಯನ್ನು ಹೂಡಿದವರೂ ಅವರೇ, ಮುಗಿಸಿದವರೂ ಅವರೇ. ದೊಡ್ಡ ತಂಡಗಳಲ್ಲಿ ಈ ಎರಡು ಕೆಲಸಕ್ಕೆ ಇಬ್ಬರು ಬೇರೆ ಬೇರೆ ಆಟಗಾರರಿರುತ್ತಾರೆ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಇದೇ ಮೈದಾನದಲ್ಲಿ ಮಕಾವ್ ಅನ್ನು 4-1ರಿಂದ ಸೋಲಿಸಿ ಭಾರತ 2019ರ ಏಷ್ಯಾ ಕಪ್‌ಗೆ ಅರ್ಹತೆ ಪಡೆಯಿತು.

ಹಾಗಾಗಿ 95ನ್ನು ಓದುವಾಗ ಎರಡನ್ನೂ ತೂಗಬೇಕು: ಗೋಲು ಕಾಯುವವರು ಯೂರೋಪಿನ ಮಟ್ಟದವರಾಗಿರಲಿಲ್ಲ, ಚೆಂಡು ಕೊಡುವವರೂ ಆಗಿರಲಿಲ್ಲ.

ಯೂರೋಪಿಗೆ ಏಕೆ ಹೋಗಲಿಲ್ಲ

ಹೋಗಲು ಪ್ರಯತ್ನಿಸಿದರು. 2009ರಲ್ಲಿ ಲಂಡನ್ನಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಅವರೊಡನೆ ಒಪ್ಪಂದಕ್ಕೆ ಬಂದಿತ್ತು. ಆದರೆ ಬ್ರಿಟನ್ನಿನಲ್ಲಿ ವಿದೇಶಿ ಆಟಗಾರನಿಗೆ ಕೆಲಸದ ಪರವಾನಗಿ ಸಿಗಲು ಅವನ ದೇಶ ಫಿಫಾ ರ‍್ಯಾಂಕಿಂಗ್‌ನಲ್ಲಿ ಮೊದಲ 70ರೊಳಗಿರಬೇಕೆಂಬ ನಿಯಮವಿತ್ತು. ಆಟಗಾರ ಎಷ್ಟೇ ಸಮರ್ಥನಾಗಿದ್ದರೂ ಅವನ ದೇಶದ ತಂಡದ ಸ್ಥಾನ ಅಡ್ಡ ಬರಬಹುದಿತ್ತು. ಅವರಿಗೆ ಬಂತು.

2010ರಲ್ಲಿ ಅಮೆರಿಕದ ಕನ್ಸಾಸ್ ಸಿಟಿ ವಿಜರ್ಡ್ಸ್ ಸೇರಿದರೂ ಅಲ್ಲಿನ ಲೀಗ್ ಪಂದ್ಯಗಳಲ್ಲಿ ಅವಕಾಶ ದೊರೆಯಲಿಲ್ಲ. 2012ರಲ್ಲಿ ಪೋರ್ಚುಗಲ್‌ನ ಸ್ಪೋರ್ಟಿಂಗ್ ಕ್ಲಬ್ಬಿನ ಬಿ ತಂಡ ಸೇರಿ ಕೆಲವೇ ಪಂದ್ಯಗಳ ನಂತರ ಮರಳಿದರು. ಈ ಮೂರು ಬಾಗಿಲುಗಳು ಮುಚ್ಚಿಕೊಂಡ ಮೇಲೆ 2013ರಲ್ಲಿ ಅವರು ಬೆಂಗಳೂರಿಗೆ ಬಂದದ್ದು.

ಬೆಂಗಳೂರಿನ ಪಾಲು

ಬೆಂಗಳೂರು ಎಫ್‌ಸಿ ಆಗಷ್ಟೇ ಹುಟ್ಟಿತ್ತು, ಆದರೆ ಊರಿಗೆ ಫುಟ್‌ಬಾಲ್ ಹೊಸದಾಗಿರಲಿಲ್ಲ. ದಂಡು ಪ್ರದೇಶದ ಸೈನಿಕರಿಂದ ಕಲಿತ ಆಟ ಹಲಸೂರು, ಗೌತಮಪುರ, ಆಸ್ಟಿನ್ ಟೌನ್‌ಗಳಲ್ಲಿ ತಲೆಮಾರುಗಳಿಂದ ಬೇರೂರಿದೆ. ಗೌತಮಪುರದಲ್ಲಿ ಪೆಲೆಯ ಪ್ರತಿಮೆಯೇ ಇದೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಸ್ವತಂತ್ರ ಭಾರತದ ಗೋಲು ಹೊಡೆದ ಸಾರಂಗಪಾಣಿ ರಾಮನ್ ಮೈಸೂರು ಸಂಸ್ಥಾನದ ತಂಡದ ಆಟಗಾರ. ಆ ಪರಂಪರೆ ಮಸುಕಾಗಿದ್ದ ಹೊತ್ತಿನಲ್ಲಿ ಹೊಸ ತಂಡ ಬಂತು, ಚೆಟ್ರಿ ಅದರ ನಾಯಕರಾದರು, ಮೊದಲ ವರ್ಷವೇ ದೇಶದ ಆಗಿನ ಮುಖ್ಯ ಲೀಗ್ ಆಗಿದ್ದ ಐ-ಲೀಗ್ ಗೆದ್ದರು.

ಸ್ಟ್ರೈಕರ್‌ನ ಬದುಕಿನಲ್ಲಿ ಇದಕ್ಕೇಕೆ ಇಷ್ಟು ಮಹತ್ವ ಎಂದರೆ, ಅದಕ್ಕೂ ಮೊದಲಿನ ಹನ್ನೊಂದು ವರ್ಷಗಳಲ್ಲಿ ಅವರು ಕೋಲ್ಕತ್ತ, ಪಂಜಾಬ್, ಗೋವಾ, ಅಮೆರಿಕ, ಪೋರ್ಚುಗಲ್ ಎಂದು ಅಲೆದಿದ್ದರು. ಹೊಸ ತಂಡದಲ್ಲಿ ಯಾರು ಯಾವಾಗ ಚೆಂಡು ಕೊಡುತ್ತಾರೆ ಎಂದು ಅರಿಯಲು ತಿಂಗಳುಗಳು ಬೇಕು. ಬೆಂಗಳೂರಿನಲ್ಲಿ ಆ ಅಲೆದಾಟ ನಿಂತಿತು. 2016ರ ಅಕ್ಟೋಬರ್ 19ರಂದು ಏಷ್ಯಾದ ಕ್ಲಬ್ಬುಗಳ ಟೂರ್ನಿಯಾದ ಎಎಫ್‌ಸಿ ಕಪ್ ಸೆಮಿಫೈನಲ್‌ನಲ್ಲಿ, ಹಿಂದಿನ ಚಾಂಪಿಯನ್ ಮಲೇಷ್ಯಾದ ಜೊಹರ್ ದಾರುಲ್ ತಾಜಿಮ್ ತಂಡವನ್ನು ಕಂಠೀರವದಲ್ಲಿ 3-1ರಿಂದ ಸೋಲಿಸಿದಾಗ ಎರಡು ಗೋಲು ಅವರವೇ. ಭಾರತದ ಕ್ಲಬ್ಬೊಂದು ಆ ಟೂರ್ನಿಯ ಫೈನಲ್ ತಲುಪಿದ್ದು ಅದೇ ಮೊದಲು.

ನಲವತ್ತರಲ್ಲಿ ಮತ್ತೆ ಕರೆ

2024ರ ಜೂನ್ 6ರಂದು ಕೋಲ್ಕತ್ತದ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಕುವೈತ್ ಎದುರು ಚೆಟ್ರಿ ವಿದಾಯದ ಪಂದ್ಯ ಆಡಿದರು. ಗೋಲಿಲ್ಲದೆ ಮುಗಿದ ಆ ಆಟದ ಕೊನೆಯಲ್ಲಿ ಅವರ ಲೆಕ್ಕ 151 ಪಂದ್ಯ, 94 ಗೋಲು. ಒಂಬತ್ತು ತಿಂಗಳಲ್ಲಿ ಅವರನ್ನು ಮತ್ತೆ ಕರೆಯಲಾಯಿತು.

ಕಾರಣ ಸರಳವಾಗಿತ್ತು: ಗೋಲು ಹೊಡೆಯುವವರು ಇರಲಿಲ್ಲ. ದೇಶದ ಲೀಗ್‌ನಲ್ಲಿ ಕ್ಲಬ್ಬುಗಳು ತಮ್ಮ ಪಾಲಿನ ವಿದೇಶಿ ಆಟಗಾರರನ್ನು ಹೆಚ್ಚಾಗಿ ಸ್ಟ್ರೈಕರ್ ಜಾಗದಲ್ಲೇ ಆಡಿಸುತ್ತವೆ, ಏಕೆಂದರೆ ಪಂದ್ಯದ ಫಲ ಅಲ್ಲೇ ನಿರ್ಧಾರವಾಗುತ್ತದೆ. ಹೀಗಾಗಿ ಭಾರತದ ಹುಡುಗರು ಅಂಚಿನಲ್ಲಿ ಆಡಿ ಬೆಳೆಯುತ್ತಾರೆ, ಗೋಲಿನೆದುರಿನ ಆ ಒಂದೆರಡು ಕ್ಷಣಗಳ ಅಭ್ಯಾಸ ಅವರಿಗೆ ಸಿಗುವುದಿಲ್ಲ. ಅದೇ ಹೊತ್ತಿಗೆ ನಲವತ್ತು ದಾಟಿದ್ದ ಚೆಟ್ರಿ 2024-25ರ ಲೀಗ್‌ನಲ್ಲಿ ಬೆಂಗಳೂರಿಗಾಗಿ 12 ಗೋಲು ಹೊಡೆದಿದ್ದರು. ಡಿಸೆಂಬರ್ 7ರಂದು ಕಂಠೀರವದಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧ ಹ್ಯಾಟ್ರಿಕ್ ಗಳಿಸಿ, ಆ ಲೀಗ್‌ನಲ್ಲಿ ಹ್ಯಾಟ್ರಿಕ್ ಹೊಡೆದ ಅತಿ ಹಿರಿಯ ಆಟಗಾರರಾಗಿದ್ದರು.

2025ರ ಮಾರ್ಚ್ 19ರಂದು ಶಿಲ್ಲಾಂಗ್‌ನಲ್ಲಿ ಮಾಲ್ದೀವ್ಸ್ ಎದುರು ಅವರು ಮರಳಿದರು. ಎಪ್ಪತ್ತೇಳನೆಯ ನಿಮಿಷದಲ್ಲಿ ಲಿಸ್ಟನ್ ಕೊಲಾಸೊ ಎಡದಿಂದ ಚೆಂಡನ್ನು ಎತ್ತಿ ಕಳುಹಿಸಿದರು. ಚೆಟ್ರಿ ತಲೆಕೊಟ್ಟು ಅದನ್ನು ಬಲೆಗೆ ಸೇರಿಸಿದರು. ಅದು 95ನೆಯದು. ಆಮೇಲೆ ಬಾಂಗ್ಲಾದೇಶ, ಥಾಯ್ಲೆಂಡ್, ಹಾಂಗ್‌ಕಾಂಗ್‌ಗಳೊಡನೆ ಒಂದೊಂದು ಹಾಗೂ ಸಿಂಗಪುರದೊಡನೆ ಎರಡು ಪಂದ್ಯ ಆಡಿದರು. ಅಕ್ಟೋಬರ್‌ನಲ್ಲಿ ಸಿಂಗಪುರಕ್ಕೆ ತವರಿನಲ್ಲೇ ಸೋತು ಭಾರತ 2027ರ ಏಷ್ಯಾ ಕಪ್‌ನ ಹಾದಿಯಿಂದ ಹೊರಬಿತ್ತು. ಆ ಐದೂ ಪಂದ್ಯಗಳಲ್ಲಿ ಚೆಟ್ರಿಯವರ ಅಂಕಿ ಕದಲಲಿಲ್ಲ.